ಮ್ಯಾಸ್ಕಾಟ್‌ನಿಂದ ಟಲ್ಲಮರೀನ್‌ಗೆ: ಮೀನು ಹಾರುವ ದಾರಿ

ಸಿಡ್ನಿಯ ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಹೊರಟ ದೋಣಿ ಒಪೆರಾ ಹೌಸ್ ದಾಟಿ ಸ್ವಲ್ಪ ದೂರ ಹೋಗುತ್ತಲೂ ಬಂದರಿನ ನಡುನೀರಿನಲ್ಲಿ ಪುಟ್ಟ ಕಲ್ಲುಕೋಟೆಯೊಂದು ಕಾಣುತ್ತದೆ. ಹೆಸರು ಫೋರ್ಟ್ ಡೆನಿಸನ್. ಕಟ್ಟಿ ಮುಗಿಸಿದ್ದು 1857ರಲ್ಲಿ. ಆಗ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದವನು ಸರ್ ವಿಲಿಯಂ ಡೆನಿಸನ್. 1861ರಲ್ಲಿ ಅವನಿಗೆ ವರ್ಗವಾಯಿತು, ಮದ್ರಾಸಿಗೆ. ಮಂಗಳೂರು, ಪುತ್ತೂರು, ಸುಳ್ಯ, ಕಾಸರಗೋಡು ಎಲ್ಲ ಅಂದು ಮದ್ರಾಸ್ ಪ್ರಾಂತ್ಯದೊಳಗೇ ಇದ್ದವು. ಹಾಗಾಗಿ ಸಿಡ್ನಿ ಬಂದರನ್ನು ಆಳಿದವನೇ ಮುಂದೆ ನಮ್ಮ ಸುಳ್ಯದ ಪಯಸ್ವಿನಿ ಹೊಳೆಯ ದಡವನ್ನೂ ಆಳಿದ.

ಮದ್ರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಎಂಬವನಿಗೆ ಮೀನಿನ ಹುಚ್ಚು. ಭಾರತದ ಮೀನುಗಳ ಬಗ್ಗೆ ಇಂದಿಗೂ ಆಧಾರವೆನಿಸಿದ ಪುಸ್ತಕಗಳನ್ನು ಬರೆದವನು ಅವನು. 1865ರಲ್ಲಿ ಪಶ್ಚಿಮಘಟ್ಟದ ಹೊಳೆಯ ಒಂದು ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿ ಅದಕ್ಕೆ ತನ್ನ ಗವರ್ನರನ ಹೆಸರಿಟ್ಟ. ಬೆಳ್ಳಿ ಮೈ, ಮೂತಿಯಿಂದ ಬಾಲದ ಬುಡದವರೆಗೆ ಕಪ್ಪು ಪಟ್ಟಿ, ಅದರ ಮೇಲೆ ಮುಂಭಾಗದಲ್ಲಿ ಉರಿಯುವ ಕೆಂಪು ಗೆರೆ, ಬಾಲದ ತುದಿಗಳಲ್ಲಿ ಹಳದಿ ಮತ್ತು ಕಪ್ಪು. ವ್ಯಾಪಾರದವರು ಇದನ್ನು ಮಿಸ್ ಕೇರಳ ಎನ್ನುತ್ತಾರೆ. ಕೇರಳದ ಹೊಳೆಗಳಲ್ಲಷ್ಟೇ ಅಲ್ಲ, ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ಹರಿದು ಕಾಸರಗೋಡಿನಲ್ಲಿ ಕಡಲು ಸೇರುವ ಚಂದ್ರಗಿರಿಯಲ್ಲಿಯೂ, ಅಂದರೆ ಅದೇ ಪಯಸ್ವಿನಿಯಲ್ಲಿಯೂ, ಇದು ಇದೆ. 2013ರಲ್ಲಿ ವಿಜ್ಞಾನಿಗಳು ಇದಕ್ಕೂ ಇದರ ಹತ್ತಿರದ ಬಂಧುವಿಗೂ ಪ್ರತ್ಯೇಕ ಕುಲವನ್ನು ಮಾಡಿ ಸಹ್ಯಾದ್ರಿಯ ಹೆಸರಿಟ್ಟರು. ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತ ಹಿಡಿದದ್ದರಿಂದ ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. 2008ರಲ್ಲಿ ಕೇರಳ ಸರ್ಕಾರ ಅದನ್ನು ಹಿಡಿಯುವುದಕ್ಕೆ ನಿರ್ಬಂಧಗಳನ್ನು ಹೇರಿತು.

ಈ ಮೀನು ಇಂದು ಪಶ್ಚಿಮ ಸಿಡ್ನಿಯ ಅಕ್ವೇರಿಯಂ ಅಂಗಡಿಗಳಲ್ಲಿ ಡೆನಿಸನ್ ಬಾರ್ಬ್ ಎಂಬ ಹೆಸರಿನಲ್ಲಿ ಸಿಗುತ್ತದೆ. ವೆಂಟ್ವರ್ತ್‌ವಿಲ್, ಟೂಂಗಾಬಿ, ವೆಸ್ಟ್‌ಮೀಡ್ ಸುತ್ತಮುತ್ತ ನಮ್ಮವರ ಮನೆಗಳು ಬೇಕಾದಷ್ಟಿವೆ. ಹಾಲ್‌ನ ಮೂಲೆಯಲ್ಲಿ ಗಾಜಿನ ತೊಟ್ಟಿ ಇಟ್ಟವರೂ ಇದ್ದಾರೆ. ಬೆಂಗಳೂರಿನ ಬಾಲ್ಯದಲ್ಲಿ ಶಿವಾಜಿನಗರದಿಂದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ಸಿಟಿ ಬಸ್ಸಿನಲ್ಲಿ ಮನೆಗೆ ತಂದವರು, ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯದ ಗಾಜಿಗೆ ಮೂಗು ಒತ್ತಿ ನಿಂತವರು. ಇಲ್ಲಿ ಸ್ವಂತ ಸಂಪಾದನೆ ಶುರುವಾದ ಮೇಲೆ ಆ ಆಸೆ ಮತ್ತೆ ಚಿಗುರಿದೆ. ಕೆಲಸ ಬದಲಾದಾಗ, ಮನೆಯ ಬೆಲೆ ಮೆಲ್ಬರ್ನ್‌ನಲ್ಲಿ ಕೈಗೆಟುಕುತ್ತದೆ ಎನಿಸಿದಾಗ, ಅಲ್ಲಿನ ಟಾರ್ನೀಟ್‌ಗೋ ಪಾಯಿಂಟ್ ಕುಕ್‌ಗೋ ಹೊರಟು ನಿಲ್ಲುತ್ತಾರೆ. ಸೋಫಾ, ಮಂಚ, ದೇವರ ಮನೆ ಎಲ್ಲವೂ ಲಾರಿ ಏರುತ್ತವೆ. ಮೀನುಗಳು? ಹೀಗೆ ಹೊರಟಿದ್ದ ಗೆಳೆಯರ ಕುಟುಂಬವೊಂದರ ಜೊತೆ ಮೀನಿನ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಬೇಕೆಂದು ನಾನೂ ಹೊರಟೆ.

ಮೀನಿನ ಪ್ರಯಾಣ ವಿಮಾನ ನಿಲ್ದಾಣದಲ್ಲಿ ಅಲ್ಲ, ಅಡುಗೆ ಮನೆಯಲ್ಲಿ ಶುರುವಾಗುತ್ತದೆ. ಹೊರಡುವುದಕ್ಕೆ ಒಂದೆರಡು ದಿನ ಮೊದಲೇ ಮೀನಿಗೆ ಉಪವಾಸ. ಆರೋಗ್ಯವಂತ ಮೀನು ಅಷ್ಟು ಹೊತ್ತು ಹಸಿದಿರುವುದು ಕಷ್ಟವಲ್ಲ. ಹೊಟ್ಟೆ ಖಾಲಿಯಿದ್ದರೆ ಚೀಲದ ನೀರಿನಲ್ಲಿ ಹೇಸಿಗೆ ಕಡಿಮೆ, ಹೇಸಿಗೆ ಕಡಿಮೆಯಾದರೆ ಅಮೋನಿಯಾ ಕಡಿಮೆ. ಚೀಲದಲ್ಲಿ ಒಯ್ದ ಮೀನನ್ನು ಕೊಲ್ಲುವುದು ಬಹುತೇಕ ಈ ಅಮೋನಿಯಾ. ಉಸಿರು ಕಟ್ಟುವುದು ಎರಡನೆಯ ಮಾತು.

ಅಡುಗೆ ಕಟ್ಟೆಯ ಮೇಲೆ ಚೀಲಗಳು ಸಾಲಾಗಿದ್ದವು. ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ, ಲೆಕ್ಕ ಇಷ್ಟೇ. ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೀನಿಗೆ ನೀರು ಹೆಚ್ಚು ಬೇಕಲ್ಲವೇ ಎಂದು ಚೀಲದ ತುಂಬ ನೀರು ತುಂಬಿ ಮೇಲೆ ಒಂದಿಷ್ಟು ಗಾಳಿ ಬಿಡುತ್ತಾರೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅತ್ಯಲ್ಪ. ಮೇಲಿನ ಅನಿಲದಿಂದ ಅದು ಮತ್ತೆ ಮತ್ತೆ ನೀರಿಗಿಳಿಯುತ್ತಿದ್ದರಷ್ಟೇ ಮೀನು ಬದುಕೀತು. ಚೀಲ ಒಂದರೊಳಗೊಂದು ಎರಡು ಇರಬೇಕು. ಕೆಳಗಿನ ಎರಡು ಮೂಲೆಗಳನ್ನು ಮಡಿಸಿ ಟೇಪು ಹಚ್ಚಬೇಕು. ಇಲ್ಲವಾದರೆ ಪುಟ್ಟ ಮೀನುಗಳು ಆ ಚೂಪು ಮೂಲೆಗೆ ನುಗ್ಗಿ ಸಿಕ್ಕಿಕೊಂಡು ಸಾಯುತ್ತವೆ. ಬೆನ್ನು ಮತ್ತು ಪಕ್ಕದ ಈಜುರೆಕ್ಕೆಗಳಲ್ಲಿ ಮುಳ್ಳಿರುವ ಕ್ಯಾಟ್‌ಫಿಶ್ ಜಾತಿಗಳಿಗೆ ಚೀಲದ ನಡುವೆ ಕಾಗದದ ಪದರ ಬೇಕು, ಅಥವಾ ಚೀಲ ಬಿಟ್ಟು ಗಟ್ಟಿ ಡಬ್ಬಿಯೇ ಬೇಕು. ಸಯಾಮಿ ಫೈಟರ್ ಮತ್ತು ಗೌರಾಮಿಗಳದು ಇನ್ನೊಂದು ಬಗೆ. ಅವು ನೀರಿನ ಮೇಲೆ ಬಂದು ಗಾಳಿಯನ್ನು ನೇರವಾಗಿ ಗುಟುಕರಿಸುತ್ತವೆ. ಆದ್ದರಿಂದ ಅವುಗಳ ಚೀಲಕ್ಕೆ ಸಿಲಿಂಡರಿನ ಶುದ್ಧ ಆಮ್ಲಜನಕ ತುಂಬದೆ ಸಾಮಾನ್ಯ ಗಾಳಿಯನ್ನೇ ಬಿಡುತ್ತಾರೆ.

ಡೆನಿಸನ್ ಬಾರ್ಬ್‌ಗಳನ್ನು ಹಿಡಿಯುವುದೇ ದೊಡ್ಡ ಕೆಲಸ. ರಭಸದ ಹೊಳೆಯ ಮೀನು. ಬಲೆ ಕಂಡರೆ ತೊಟ್ಟಿಯ ಉದ್ದಕ್ಕೂ ಬಾಣದ ಹಾಗೆ ಓಡುತ್ತದೆ, ಮುಚ್ಚಳ ತೆರೆದಿದ್ದರೆ ನೆಲಕ್ಕೇ ಜಿಗಿಯುತ್ತದೆ. ದೀಪ ಆರಿಸಿ, ನೀರನ್ನು ಮುಕ್ಕಾಲು ಇಳಿಸಿ, ಬಲೆಯ ಬದಲು ಪಾರದರ್ಶಕ ಡಬ್ಬಿಯಿಂದ ಮೆಲ್ಲಗೆ ಎತ್ತಿದರು. ಅವಕ್ಕೆ ಬೇರೆಯವಕ್ಕಿಂತ ಆಮ್ಲಜನಕ ಹೆಚ್ಚು ಬೇಕು, ನೀರು ತಂಪಾಗಿರಬೇಕು. ಆದ್ದರಿಂದ ಒಂದು ಚೀಲಕ್ಕೆ ಒಂದೇ ಮೀನು.

ಚೀಲಗಳೆಲ್ಲ ಥರ್ಮಾಕೋಲ್ ಪೆಟ್ಟಿಗೆಯೊಳಕ್ಕೆ ಹೋದವು. ಪೆಟ್ಟಿಗೆಯೊಳಗೆ ಮೊದಲೇ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು. ಒಂದು ಚೀಲ ಒಡೆದರೂ ಹನಿ ನೀರು ವಿಮಾನದ ಹೊಟ್ಟೆಗೆ ಬೀಳಬಾರದು. ಸೋರುವ ಪೆಟ್ಟಿಗೆಯನ್ನು ಸರಕಿನವರು ಮುಟ್ಟುವುದೇ ಇಲ್ಲ, ಅದು ಸರಿಯೂ ಹೌದು. ಸಂದುಗಳಿಗೆ ಕಾಗದ ತುರುಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ಜೀವಂತ ಮೀನು ಎಂದೂ ಯಾವ ಬದಿ ಮೇಲೆಂದೂ ದೊಡ್ಡದಾಗಿ ಬರೆದರು. ಒಳಗೆ ಕತ್ತಲೆ. ಕತ್ತಲಲ್ಲಿ ಮೀನು ಶಾಂತವಾಗಿರುತ್ತದೆ, ಶಾಂತವಾಗಿದ್ದರೆ ಉಸಿರೂ ಕಡಿಮೆ ಬೇಕು.

ಸೋಸುಕದೊಳಗಿನ ಸ್ಪಂಜನ್ನು ತೊಳೆಯದೆ, ಒದ್ದೆಯಾಗಿಯೇ ಬೇರೆ ಚೀಲದಲ್ಲಿ ಕಟ್ಟಿದ್ದು ನನಗೆ ಬಹಳ ಹಿಡಿಸಿತು. ಅಮೋನಿಯಾವನ್ನು ನಿರುಪದ್ರವಿ ಮಾಡುವ ಬ್ಯಾಕ್ಟೀರಿಯಾಗಳು ಇರುವುದು ಆ ಸ್ಪಂಜಿನಲ್ಲಿ. ಅದು ಒಣಗಿದರೆ ಮೆಲ್ಬರ್ನ್‌ನಲ್ಲಿ ತೊಟ್ಟಿ ಮತ್ತೆ ಮೊದಲಿನಿಂದ ಹದವಾಗಬೇಕು, ವಾರಗಟ್ಟಲೆ ಹಿಡಿಯುತ್ತದೆ. ಮೀನಿನಷ್ಟೇ ಜೋಪಾನವಾಗಿ ಹೋಗಬೇಕಾದದ್ದು ಈ ಕೊಳಕು ಸ್ಪಂಜು.

ಬೆಳಗ್ಗೆ ಮ್ಯಾಸ್ಕಾಟ್. ಸಿಡ್ನಿಯ ಈ ಕಿಂಗ್ಸ್‌ಫರ್ಡ್ ಸ್ಮಿತ್ ವಿಮಾನ ನಿಲ್ದಾಣ ಇರುವುದು ಬಾಟನಿ ಬೇ ಕೊಲ್ಲಿಯ ದಡದಲ್ಲಿ. ಸಮಾನಾಂತರದ ಎರಡು ರನ್‌ವೇಗಳೂ ನೀರಿನೊಳಕ್ಕೆ ಚಾಚಿವೆ. ಒಂದು ಪಕ್ಕದಲ್ಲಿ ಅಂತರರಾಷ್ಟ್ರೀಯ ಟರ್ಮಿನಲ್, ಅವುಗಳಲ್ಲೊಂದು ರನ್‌ವೇಯ ಆಚೆ ಪಕ್ಕದಲ್ಲಿ ದೇಶೀಯ ಟರ್ಮಿನಲ್‌ಗಳು. ರಾತ್ರಿ 11ರಿಂದ ಬೆಳಗಿನ 6ರವರೆಗೆ ಇಲ್ಲಿ ಕರ್ಫ್ಯೂ. 1995ರಲ್ಲಿ ಅದಕ್ಕೆಂದೇ ಕಾಯ್ದೆ ಬಂದಿದೆ. ಆರು ಗಂಟೆಯಾಗುತ್ತಲೂ ಮೆಲ್ಬರ್ನ್ ವಿಮಾನಗಳು ಒಂದರ ಹಿಂದೊಂದು ಏಳುತ್ತವೆ. ಲೋಕದ ಅತಿ ದಟ್ಟಣೆಯ ವಿಮಾನ ಮಾರ್ಗಗಳಲ್ಲಿ ಇದೂ ಒಂದು. ದೂರ ಸುಮಾರು 700 ಕಿಲೋಮೀಟರ್, ಪ್ರಯಾಣ ಒಂದೂವರೆ ಗಂಟೆಯ ಆಸುಪಾಸು.

ಕೈಚೀಲದಲ್ಲಿ ಮೀನು ಒಯ್ಯಬಹುದೇ? ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ನೀರಿಗೆ ತಡೆಯಿಲ್ಲ. 100 ಮಿಲಿಲೀಟರಿನ ಮಿತಿ 2007ರಿಂದ ಇರುವುದು ಆಸ್ಟ್ರೇಲಿಯಾದ ಅಂತರರಾಷ್ಟ್ರೀಯ ಹಾರಾಟಗಳಿಗೆ. ದೇಶದೊಳಗಿನ ತಪಾಸಣೆಯಲ್ಲಿ ನೀರಿನ ಬಾಟಲಿ ಹಿಡಿದೇ ದಾಟಬಹುದು. ತಡೆ ಇರುವುದು ಪ್ರಾಣಿಗೆ. ವಿಮಾನ ಸಂಸ್ಥೆಗಳು ಸಾಕುಪ್ರಾಣಿಯನ್ನು ಪ್ರಯಾಣಿಕರ ಕ್ಯಾಬಿನ್ನಿಗೆ ಬಿಡದಿರುವುದು ಇಲ್ಲಿ ಹಳೆಯ ರೂಢಿ. 2021ರ ಕೊನೆಯಲ್ಲಿ ನಿಯಮ ಬದಲಾಗಿ ಆ ನಿರ್ಧಾರ ಸಂಸ್ಥೆಗಳಿಗೇ ಬಂತು. 2024ರಲ್ಲಿ ವರ್ಜಿನ್ ಆಸ್ಟ್ರೇಲಿಯಾ ಮುಂದೆ ಬಂದದ್ದು ಸಣ್ಣ ಬೆಕ್ಕು ಮತ್ತು ನಾಯಿಗಳಿಗೆ ಮಾತ್ರ. ಅಮೆರಿಕದಲ್ಲಿ ಪಾರದರ್ಶಕ ಪಾತ್ರೆಯಲ್ಲಿ ನೀರಿನೊಳಗಿರುವ ಜೀವಂತ ಮೀನನ್ನು ಭದ್ರತಾ ತಪಾಸಣೆಯವರು ಬಿಡುತ್ತಾರೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿಯೂ ಹಾಗೇ ಎಂದುಕೊಂಡು ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಡಿ. ಇಲ್ಲಿ ಮೀನಿನ ಬಾಗಿಲು ಸರಕು ವಿಭಾಗದ್ದು. ಟರ್ಮಿನಲ್ಲಿನ ಗಾಜು ಕನ್ನಡಿಗಳಿಂದ ದೂರ, ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುವ ಶೆಡ್ಡುಗಳ ಸಾಲಿನಲ್ಲಿ, ತೂಕದ ಯಂತ್ರದ ಪಕ್ಕ ಒಂದು ಕೌಂಟರು. ಮೊದಲೇ ಬುಕ್ ಮಾಡಿರಬೇಕು. ಪೆಟ್ಟಿಗೆ ತೂಗುತ್ತಾರೆ, ಅಳೆಯುತ್ತಾರೆ, ಒಳಗೇನಿದೆ ಎಂದು ಬರೆಸಿಕೊಳ್ಳುತ್ತಾರೆ. ಜೀವಂತ ಪ್ರಾಣಿಗಳ ಸಾಗಣೆಗೆ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಪ್ರತಿವರ್ಷ ಹೊರಡಿಸುವ ನಿಯಮಾವಳಿಯೇ ಅವರಿಗೆ ಆಧಾರ.

ಸರದಿಯಲ್ಲಿ ನಮ್ಮ ಮುಂದೆಯೂ ಥರ್ಮಾಕೋಲ್ ಪೆಟ್ಟಿಗೆಗಳಿದ್ದವು. ತಳಿಗಾರರು, ಅಂಗಡಿಯವರು, ಹವ್ಯಾಸಿಗಳು ಮೀನು ಕಳಿಸುವುದು ಇಲ್ಲಿ ನಿತ್ಯದ ಕೆಲಸ. ಈ ದೇಶದ ಅಕ್ವೇರಿಯಂ ಹವ್ಯಾಸ ನಿಂತಿರುವುದೇ ಇಂಥ ಶೆಡ್ಡುಗಳ ಮೇಲೆ. ಪಟ್ಟಣಗಳ ನಡುವೆ ಅಷ್ಟು ದೂರ, ಹೊರದೇಶದಿಂದ ಬರುವ ಮೀನಿಗೆ ಅಷ್ಟು ಕಟ್ಟುಪಾಡು. ಹಾಗಾಗಿ ಒಳಗಿನ ಮೀನೇ ಊರಿಂದೂರಿಗೆ ಹಾರುತ್ತದೆ.

ಮೀನಿಗೆ ವಿಮಾನ ಸಿಗದ ಕಾಲದಲ್ಲಿಯೂ ಸಿಡ್ನಿಯ ಮೀನು ದೂರ ಹೋಗಿದೆ. 1933ರಲ್ಲಿ ಟರೋಂಗಾ ಮೃಗಾಲಯದ ಮತ್ಸ್ಯಾಲಯದಿಂದ ಕ್ವೀನ್ಸ್‌ಲ್ಯಾಂಡ್ ಮೂಲದ ಶ್ವಾಸಕೋಶ ಮೀನೊಂದು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಶಿಕಾಗೋದ ಶೆಡ್ ಮತ್ಸ್ಯಾಲಯ ಸೇರಿತು. ಗ್ರ್ಯಾನ್‌ಡ್ಯಾಡ್ ಎಂದು ಅದನ್ನು ಕರೆದರು. ತಲೆಮಾರುಗಳು ಅದನ್ನು ನೋಡುತ್ತ ಬೆಳೆದವು. ಅದು ತೀರಿಕೊಂಡದ್ದು 2017ರ ಫೆಬ್ರವರಿಯಲ್ಲಿ.

ನಮ್ಮ ವಿಮಾನ ಎದ್ದಿತು. ಪ್ರಯಾಣಿಕರ ಕ್ಯಾಬಿನ್ನಿನಲ್ಲಿರುವ ಒತ್ತಡವೇ ಕೆಳಗೆ ಸರಕಿನ ಹೊಟ್ಟೆಯಲ್ಲಿಯೂ ಇರುತ್ತದೆ, ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ನೆಲದ ಒತ್ತಡದ ಮುಕ್ಕಾಲು ಪಾಲು ಎನ್ನಿ. ಆಗ ಚೀಲದೊಳಗಿನ ಅನಿಲ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಚೀಲವನ್ನು ಡೋಲಿನಂತೆ ಬಿಗಿಯಾಗಿ ಕಟ್ಟಿದ್ದರೆ ಗಂಟು ಬಿಚ್ಚಿಕೊಳ್ಳುತ್ತದೆ ಅಥವಾ ಹೊಲಿಗೆ ಸೀಳುತ್ತದೆ. ಹಿಂದಿನ ರಾತ್ರಿ ಚೀಲದ ಕುತ್ತಿಗೆಯನ್ನು ಒಂದಿಷ್ಟು ಸಡಿಲ ಬಿಟ್ಟೇ ರಬ್ಬರು ಸುತ್ತಿದ್ದು ಇದಕ್ಕೆ.

ದಾರಿಯಲ್ಲಿ ಕೆಳಗೆ ಮರ್ರೆ ನದಿ ಬರುತ್ತದೆ. ನ್ಯೂ ಸೌತ್ ವೇಲ್ಸ್‌ಗೂ ವಿಕ್ಟೋರಿಯಾಕ್ಕೂ ಗಡಿ ಅದು. ಹ್ಯೂಮ್ ಹೆದ್ದಾರಿಯಲ್ಲಿ ಕಾರಿನಲ್ಲಿ ಮೀನು ಒಯ್ಯುವವರು ಒಂಬತ್ತು ಗಂಟೆಗೂ ಮಿಕ್ಕ ಹಾದಿಯ ನಡುವೆ ಆಲ್ಬರಿ ಮತ್ತು ವೊಡೊಂಗಾದ ಮಧ್ಯೆ ಇದೇ ನದಿಯನ್ನು ಸೇತುವೆಯ ಮೇಲೆ ದಾಟುತ್ತಾರೆ. ನನ್ನ ಗೆಳೆಯರ ಎಲ್ಲ ಮೀನುಗಳೂ ಈ ನದಿ ದಾಟಲಿಲ್ಲ. ಹಿತ್ತಲ ಕೊಳದಲ್ಲಿ ವರ್ಷಗಟ್ಟಲೆ ಸಾಕಿದ, ಕೈಯಿಂದಲೇ ತಿನ್ನುತ್ತಿದ್ದ ಕೊಯ್ ಮೀನುಗಳು ಸಿಡ್ನಿಯಲ್ಲಿಯೇ ಉಳಿದವು. ಚೀಲವೂ ಇತ್ತು, ವಿಮಾನವೂ ಇತ್ತು, ಕಾನೂನು ಬಿಡಲಿಲ್ಲ.

ಸಿಡ್ನಿಯ ಡಾರ್ಲಿಂಗ್ ಹಾರ್ಬರಿನಲ್ಲಿ 1988ರಲ್ಲಿ ತೆರೆದ ಚೀನೀ ಉದ್ಯಾನಕ್ಕೆ ಹೋದರೆ ಕೊಳದ ತುಂಬ ಕೆಂಪು, ಬಿಳಿ, ಚಿನ್ನದ ಬಣ್ಣದ ಕೊಯ್‌ಗಳು. ನ್ಯೂ ಸೌತ್ ವೇಲ್ಸ್‌ನಲ್ಲಿ ಕೊಯ್ ಸಾಕುವುದು, ಮಾರುವುದು ತಪ್ಪಲ್ಲ. ವಿಕ್ಟೋರಿಯಾದಲ್ಲಿ ಅದೇ ಮೀನು ಹಾನಿಕಾರಕ ಜಲಜೀವಿಗಳ ಪಟ್ಟಿಯಲ್ಲಿದೆ, ಇಟ್ಟುಕೊಳ್ಳುವುದೇ ಅಪರಾಧ. ಏಕೆಂದರೆ ಕೊಯ್ ಎಂದರೆ ಬಣ್ಣದ ಕಾರ್ಪ್. ಕಾರ್ಪ್ ಈ ನದಿಗೆ ಮಾಡಿದ್ದನ್ನು ವಿಕ್ಟೋರಿಯಾ ಮರೆತಿಲ್ಲ.

1960ರ ದಶಕದ ಆರಂಭದಲ್ಲಿ ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡಿನ ಬೂಲಾರಾ ಎಂಬ ಊರಿನ ಮೀನು ಸಾಕಣೆಯಿಂದ ಒಂದು ತಳಿಯ ಕಾರ್ಪ್ ಹೊರಬಿತ್ತು. 1964ರ ಹೊತ್ತಿಗೆ ಮಿಲ್ಡೂರಾದ ಹತ್ತಿರ ಮರ್ರೆ ನದಿಯ ವ್ಯವಸ್ಥೆಯನ್ನು ಸೇರಿತು. 1970ರ ದಶಕದ ನಡುವಿನ ಮಹಾಪ್ರವಾಹಗಳು ಅದನ್ನು ಎಲ್ಲೆಡೆ ಹರಡಿಬಿಟ್ಟವು. ತಳದ ಕೆಸರನ್ನು ಹೀರಿ ಉಗುಳುತ್ತ ತಿನ್ನುವ ಮೀನು ಅದು. ನೀರು ರಾಡಿಯಾಗುತ್ತದೆ, ಬೇರುಗಳು ಕಿತ್ತು ಬರುತ್ತವೆ, ಬೆಳಕಿಲ್ಲದೆ ನೀರಗಿಡಗಳು ಸಾಯುತ್ತವೆ. ಮರ್ರೆ-ಡಾರ್ಲಿಂಗ್ ಜಲಾನಯನದ ಕೆಲವು ಭಾಗಗಳಲ್ಲಿ ನೀರೊಳಗಿನ ಎಲ್ಲ ಮೀನುಗಳ ಒಟ್ಟು ತೂಕದಲ್ಲಿ ಶೇಕಡ 80ರಿಂದ 90ರಷ್ಟು ಕಾರ್ಪ್ ಒಂದರದೇ. 2016ರಲ್ಲಿ ಸರ್ಕಾರ ಒಂದೂವರೆ ಕೋಟಿ ಡಾಲರ್ ತೆಗೆದಿಟ್ಟು, ಕಾರ್ಪ್‌ಗೆ ತಗಲುವ ಹರ್ಪಿಸ್ ವೈರಸ್ಸನ್ನು ನದಿಗೆ ಬಿಡಬಹುದೇ ಎಂದು ಅಧ್ಯಯನ ಮಾಡಿಸಿತು. 2022ರಲ್ಲಿ ಆ ಯೋಜನೆಯ ವರದಿ ಪ್ರಕಟವಾಯಿತು. ಆ ವೈರಸ್ ಕೊಯ್‌ಗಳನ್ನೂ ಬಿಡುವುದಿಲ್ಲ ಎಂಬುದು ಸಾಕುವವರ ಆತಂಕ.

ನದಿಯ ಮೂಲನಿವಾಸಿ ಮೀನು ಮರ್ರೆ ಕಾಡ್. ಮೀಟರಿಗೂ ಮಿಕ್ಕಿ ಉದ್ದ ಬೆಳೆಯುವ, 100 ಕಿಲೋ ದಾಟಿದ ದಾಖಲೆಯಿರುವ ಸಿಹಿನೀರಿನ ದೈತ್ಯ. ನದಿಯ ಕೆಳದಂಡೆಯ ನರಿಂಜರಿ ಜನರ ಸೃಷ್ಟಿಕಥೆಯಲ್ಲಿ ಪೊಂಡೆ ಎಂಬ ಮಹಾ ಕಾಡ್ ಬಾಲ ಬೀಸುತ್ತ ಓಡಿದಲ್ಲೆಲ್ಲ ಈ ನದಿಯ ತಿರುವುಗಳಾದವು. ಹಾಗೆ ನಂಬುವವರ ನದಿಯಲ್ಲಿ ಹೊರಗಿನ ಮೀನು ತುಂಬಿಕೊಂಡಿದೆ ಎಂದರೆ ಅವರು ಕಳೆದುಕೊಂಡದ್ದು ಎಷ್ಟೆಂದು ಕಾವೇರಿಯನ್ನು ತಾಯಿ ಎನ್ನುವ ನಮಗೆ ಹೇಳಿಕೊಡಬೇಕಾಗಿಲ್ಲ. ಕೊಯ್ ಬಿಟ್ಟು ಬಂದ ಗೆಳೆಯರ ದುಃಖ ನನಗೆ ಗೊತ್ತು. ಆದರೂ ವಿಕ್ಟೋರಿಯಾದ ಕಾನೂನು ಸರಿ.

ಮೆಲ್ಬರ್ನ್‌ನ ಟಲ್ಲಮರೀನ್ ನಿಲ್ದಾಣದಲ್ಲಿ ಇಳಿದಾಗ ಗಾಳಿ ತಣ್ಣಗಿತ್ತು. ಸಿಡ್ನಿಯಲ್ಲಿ ಬೆವರಿದವರು ಇಲ್ಲಿ ಸ್ವೆಟರ್ ಹುಡುಕುವುದು ಹೊಸದಲ್ಲ. ಒಂದೇ ದಿನದಲ್ಲಿ ನಾಲ್ಕು ಋತು ಎಂಬ ಹೆಸರು ಮೆಲ್ಬರ್ನ್‌ಗೆ ಮೊದಲಿನಿಂದಲೂ ಇದೆ. ಥರ್ಮಾಕೋಲಿನ ನಿಜವಾದ ಉಪಯೋಗ ಇಲ್ಲಿ. ಹಾರುವಾಗಿನ ತಾಪಮಾನಕ್ಕಿಂತ ಅಪಾಯ ವಿಮಾನದ ಪಕ್ಕ ಬಯಲಿನಲ್ಲಿ ಸರಕು ಕಾಯುವ ಹೊತ್ತು. ಸಿಡ್ನಿಯ ಜನವರಿ ಬಿಸಿಲಿನಲ್ಲಿ ಪೆಟ್ಟಿಗೆಗೆ ತಂಪಿನ ಪೊಟ್ಟಣ ಬೇಕು, ಮೆಲ್ಬರ್ನ್‌ನ ಜುಲೈ ಚಳಿಗೆ ಶಾಖದ ಪೊಟ್ಟಣ. ಸರಕಿನ ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಪೆಟ್ಟಿಗೆ ಪಡೆದು ಟಾರ್ನೀಟ್ ದಾರಿ ಹಿಡಿದೆವು.

ಮನೆ ಮುಟ್ಟಿದ ಮೇಲೆ ಅವಸರ ಮಾಡಿದವರೇ ಮೀನು ಕಳೆದುಕೊಳ್ಳುವುದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲೀಯ ಮಾಡಿರುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ವಿಷವಲ್ಲ. ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ದಾರಿಯುದ್ದಕ್ಕೂ ಬದುಕಿದ ಮೀನು ಮನೆಯಲ್ಲಿ ಸಾಯುವುದು ಹೀಗೆ. ಚೀಲವನ್ನು ಬಿಚ್ಚದೆಯೇ ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಬಿಟ್ಟು ಶಾಖ ಸಮವಾಗಿಸಬೇಕು. ಬಿಚ್ಚಿದ ಮೇಲೆ ತಡ ಮಾಡದೆ ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟು ಚೀಲದ ನೀರನ್ನು ಗಿಡದ ಬುಡಕ್ಕೋ ಚರಂಡಿ ಕೊಳವೆಗೋ ಸುರಿಯಬೇಕು, ತೊಟ್ಟಿಗೆ ಮಾತ್ರ ಬೇಡ. ನೀರಿನ ಹದವೂ ಬೇರೆ. ವಾರಗಾಂಬಾ ಅಣೆಕಟ್ಟಿನಿಂದ ಬರುವ ಸಿಡ್ನಿ ನೀರಿಗಿಂತ ಯಾರಾ ಕಣಿವೆಯ ಕಾಡುಗಳಿಂದ ಬರುವ ಮೆಲ್ಬರ್ನ್ ನೀರು ಮೆದು. ನಲ್ಲಿ ನೀರಿನ ಕ್ಲೋರಿನ್ ಕಳೆದು ತೊಟ್ಟಿಯನ್ನು ಮೊದಲೇ ಸಿದ್ಧ ಮಾಡಿಸಿದ್ದರು; ಬಂದೊಡನೆ ಸಿಡ್ನಿಯ ಒದ್ದೆ ಸ್ಪಂಜನ್ನು ಸೋಸುಕಕ್ಕೆ ಹಾಕಿದರು. ಡೆನಿಸನ್‌ಗಳು ಸ್ವಲ್ಪ ಹೊತ್ತು ಮೂಲೆಯಲ್ಲಿ ಗುಂಪಾಗಿ ನಿಂತವು. ಮರುದಿನ ಮೇವು ತಿಂದವು. ಯಾವುದೂ ಸಾಯಲಿಲ್ಲ.

ತೊಟ್ಟಿಯ ಮೀನು ಕೆರೆ ಹೊಳೆ ಸೇರಿದರೆ ಏನಾಗುತ್ತದೆ? ಮೆಲ್ಬರ್ನ್‌ನಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದ ಹೇಜಲ್‌ವುಡ್‌ನ ಕಥೆಯನ್ನು ಇಲ್ಲಿಯ ಮೀನು ಸಾಕುವವರೆಲ್ಲ ಬಲ್ಲರು. ಅಲ್ಲಿ ಕಂದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿತ್ತು. ಅದರ ಯಂತ್ರಗಳನ್ನು ತಂಪಾಗಿಸುವ ಕೆರೆಯ ನೀರು ಚಳಿಗಾಲದಲ್ಲಿಯೂ ಬೆಚ್ಚಗೇ ಇರುತ್ತಿತ್ತು. ಯಾರೋ ತೊಟ್ಟಿಯಿಂದ ತಂದು ಬಿಟ್ಟ ಸಿಕ್ಲಿಡ್‌ಗಳು, ಆಫ್ರಿಕದ ಒಂದು ಬಗೆಯ ತಿಲಾಪಿಯ ಕೂಡ, ಉಷ್ಣವಲಯದಿಂದ ಅಷ್ಟು ದೂರದಲ್ಲಿ ಮರಿಮಾಡಿ ದಶಕಗಟ್ಟಲೆ ನೆಲೆನಿಂತವು. 2017ರ ಮಾರ್ಚ್‌ನಲ್ಲಿ ಸ್ಥಾವರ ಮುಚ್ಚಿತು, ನೀರು ತಣ್ಣಗಾಯಿತು. ಹೊರಗಿನ ಮೀನಿನ ಇಂಥ ಕಥೆ ನ್ಯೂ ಸೌತ್ ವೇಲ್ಸ್‌ನಲ್ಲಿಯೂ ಇದೆ. ಸೊಳ್ಳೆ ತಿನ್ನಲೆಂದು 1925ರಲ್ಲಿ ಸಿಡ್ನಿಯ ಬೊಟಾನಿಕ್ ಗಾರ್ಡನ್ನಿಗೆ ಗಂಬೂಸಿಯಾ ಮೀನು ಬಂತು. ನಮ್ಮ ಊರುಗಳ ಬಾವಿ ಕೆರೆಗಳಿಗೆ ಮಲೇರಿಯಾ ತಡೆಯಲೆಂದು ಆರೋಗ್ಯ ಇಲಾಖೆ ಬಿಡುತ್ತ ಬಂದ ಮೀನಿನ ಕುಲದ್ದೇ ಅದು. ಇಲ್ಲಿ ಅದು ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನು ತಿಂದು ಹಸಿರು-ಹೊನ್ನಿನ ಬೆಲ್ ಫ್ರಾಗ್ ಎಂಬ ಕಪ್ಪೆಗೆ ಕುತ್ತಾಯಿತು. 2000ದ ಒಲಿಂಪಿಕ್ಸ್‌ಗಾಗಿ ಹೋಮ್‌ಬುಷ್‌ನಲ್ಲಿ ಕ್ರೀಡಾಂಗಣ ಕಟ್ಟುವಾಗ ಹಳೆಯ ಇಟ್ಟಿಗೆ ಗುಂಡಿಯಲ್ಲಿ ಉಳಿದಿದ್ದ ಆ ಕಪ್ಪೆಗಳಿಗಾಗಿ ಯೋಜನೆಯನ್ನೇ ಬದಲಿಸಬೇಕಾಯಿತು.

ಇನ್ನು ದೇಶದ ಬಾಗಿಲಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರುವಾಯಿತು. ಅಜ್ಜಿ ತಾತಂದಿರು ಬರುತ್ತಾರೆ, ಮೊಮ್ಮಕ್ಕಳಿಗೆ ಏನಾದರೂ ಜೀವಂತವಾದದ್ದನ್ನು ತರೋಣವೇ ಎಂದು ಕೇಳುವವರೂ ಇದ್ದಾರೆ. ಬೇಡ. ಸಾಮಾನಿನ ಜೊತೆ ಮೀನು ತರುವ ದಾರಿಯೇ ಇಲ್ಲಿಲ್ಲ. ಆಮದಿಗೆ ಪರವಾನಗಿ ಬೇಕು, ಜಾತಿ ಸರ್ಕಾರದ ಅನುಮತಿ ಪಟ್ಟಿಯಲ್ಲಿರಬೇಕು. ಬಂದ ಮೇಲೆ ಒಪ್ಪಿಗೆ ಪಡೆದ ಕಟ್ಟಡದಲ್ಲಿ ಪ್ರತ್ಯೇಕ ವಾಸ, ಜಾತಿಗೆ ತಕ್ಕಂತೆ ಒಂದರಿಂದ ಮೂರು ವಾರ. 1908ರ ಕ್ವಾರಂಟೈನ್ ಕಾಯ್ದೆಯ ಜಾಗದಲ್ಲಿ 2016ರ ಜೂನ್‌ನಿಂದ ಜೈವಿಕ ಭದ್ರತಾ ಕಾಯ್ದೆ ನಡೆಯುತ್ತಿದೆ.

2005ರ ಜೂನ್‌ನಲ್ಲಿ ಸಿಂಗಪುರದಿಂದ ಮೆಲ್ಬರ್ನ್‌ನಲ್ಲಿ ಇಳಿದ ಪ್ರಯಾಣಿಕಳೊಬ್ಬಳ ಸೊಂಟದ ಹತ್ತಿರ ಪಟಪಟ ಸದ್ದು ಕೇಳಿ ಕಸ್ಟಮ್ಸ್‌ನವರು ತಡೆದರು. ಸ್ಕರ್ಟಿನೊಳಗೆ ಅದಕ್ಕೆಂದೇ ಹೊಲಿಸಿದ ಏಪ್ರನ್, ಅದರಲ್ಲಿ ನೀರು ತುಂಬಿದ 15 ಚೀಲಗಳು, ಚೀಲಗಳಲ್ಲಿ 51 ಜೀವಂತ ಮೀನುಗಳು. ಇಂಥ ಅಪರಾಧಕ್ಕೆ ಹತ್ತು ವರ್ಷದವರೆಗೆ ಸೆರೆ ಇದೆ. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿಯಾಗಿ ಬರೆದವು. ನನಗೆ ಅದರಲ್ಲಿ ನಗು ಕಾಣುವುದಿಲ್ಲ. ಆ ಪ್ರಕರಣಕ್ಕೆ ಎರಡು ವರ್ಷ ಮೊದಲು, 2003ರಲ್ಲಿ, ಇದೇ ವಿಕ್ಟೋರಿಯಾದ ಸಾಕಣೆ ಕೇಂದ್ರವೊಂದರಲ್ಲಿ ಮರ್ರೆ ಕಾಡ್ ಮರಿಗಳು ರಾಶಿರಾಶಿಯಾಗಿ ಸತ್ತವು. ಕಾರಣ ಒಂದು ಇರಿಡೋವೈರಸ್. ಅದು ಅಕ್ವೇರಿಯಂ ಗೌರಾಮಿಗಳಲ್ಲಿರುವ ವೈರಸ್ಸಿನೊಡನೆ ಬಹುತೇಕ ಒಂದೇ ಎಂದು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. 2016ರಿಂದ ಆಮದಾಗುವ ಗೌರಾಮಿಗಳಿಗೆ ಈ ಸೋಂಕಿನ ಪರೀಕ್ಷೆ ಕಡ್ಡಾಯವಾಯಿತು. ಏಪ್ರನ್ನಿನ ಒಂದು ಚೀಲದ ನೀರು ಸಾಕು, ಪೊಂಡೆಯ ಸಂತತಿಗೆ ಕುತ್ತು ಬರಲು.

ಮನೆ ಬದಲಿಸುವವರಿಗೆ ನನ್ನ ಕೋರಿಕೆ ಇಷ್ಟು. ಲಾರಿ ಗೊತ್ತುಮಾಡುವ ದಿನವೇ ತೊಟ್ಟಿಯಲ್ಲಿರುವ ಒಂದೊಂದು ಮೀನಿನ, ಗಿಡದ ಹೆಸರು ಬರೆದು, ಹೋಗುವ ರಾಜ್ಯದ ಮೀನುಗಾರಿಕೆ ಇಲಾಖೆಯ ಹಾನಿಕಾರಕ ಜೀವಿಗಳ ಪಟ್ಟಿಯೊಡನೆ ತಾಳೆ ನೋಡಿ. ವಿಮಾನ ಸಂಸ್ಥೆಯ ಸರಕು ವಿಭಾಗಕ್ಕೆ ಫೋನ್ ಮಾಡಿ ಅವರ ಈಗಿನ ನಿಯಮ ಕೇಳಿಕೊಳ್ಳಿ. ಒಯ್ಯಲಾಗದ ಮೀನಿಗೆ ಮನೆ ಹುಡುಕುವುದು ಕಷ್ಟವಲ್ಲ; ಅಂಗಡಿಗಳು ತೆಗೆದುಕೊಳ್ಳುತ್ತವೆ, ನಮ್ಮವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರೆ ಸಂಜೆಯೊಳಗೆ ಯಾರಾದರೂ ಬಕೆಟ್ ಹಿಡಿದು ಬರುತ್ತಾರೆ. ಟೂಂಗಾಬಿ ಕ್ರೀಕ್‌ಗಾಗಲಿ, ಟಾರ್ನೀಟ್ ಪಕ್ಕದ ಸ್ಕೆಲಿಟನ್ ಕ್ರೀಕ್‌ಗಾಗಲಿ, ಯಾವ ಹೊಳೆಗೂ ಯಾವ ಕೆರೆಗೂ ತೊಟ್ಟಿಯ ಮೀನನ್ನು ಬಿಡಬೇಡಿ.